ಎವ್ರಿಒನ್, ಫುಲ್ ಕಂಟ್ರೋಲ್: ಸಣ್ಣ ಆಫೀಸಿನಲ್ಲಿ ಫೋಲ್ಡರ್ ಶೇರ್ ಮಾಡುವ ಮೊದಲು

ಮುಂಬಯಿ ಫೋರ್ಟ್‌ನ ಹಳೇ ಕಟ್ಟಡವೊಂದರ ಮೂರನೇ ಮಹಡಿಯಲ್ಲಿ ನಮ್ಮ ಉಡುಪಿ ಕಡೆಯವರದೇ ಒಂದು ಸಿಎ ಆಫೀಸಿದೆ. ಎಂಟು ಕಂಪ್ಯೂಟರ್, ಒಂದು ಝೆರಾಕ್ಸ್ ಯಂತ್ರ, ಕಪಾಟು ತುಂಬಾ ಹೋಟೆಲುಗಳ ಲೆಕ್ಕ. ಒಂದು ತಿಂಗಳು 19ನೇ ತಾರೀಖು ಸಂಜೆ ಅಲ್ಲಿಂದ ಫೋನ್ ಬಂತು. "ಮಾರಾಯಾ, ಚೆಂಬೂರು ಹೋಟೆಲಿನ ಇಡೀ ಫೋಲ್ಡರೇ ಕಾಣ್ತಿಲ್ಲ. ನಾಳೆ ತ್ರೀ-ಬಿ ಹಾಕ್ಬೇಕು." ತ್ರೀ-ಬಿ ಅಂದರೆ ತಿಂಗಳ ಜಿಎಸ್‌ಟಿ ರಿಟರ್ನ್.

ಹೋಗಿ ಹುಡುಕಿದೆ. ಫೋಲ್ಡರ್ ಎಲ್ಲೂ ಹೋಗಿರಲಿಲ್ಲ, ಪಕ್ಕದ ಘಾಟ್ಕೋಪರ್ ಹೋಟೆಲಿನ ಫೋಲ್ಡರಿನ ಹೊಟ್ಟೆಯೊಳಗೆ ಕೂತಿತ್ತು. ಯಾರದೋ ಬೆರಳು ಮೌಸಿನ ಮೇಲೆ ಒತ್ತಿಕೊಂಡಿದೆ, ಕೈ ಜಾರಿದೆ, ಅಷ್ಟೇ. ಯಾರದು ಅಂತ ತಿಳಿಯುವ ದಾರಿಯಿರಲಿಲ್ಲ, ಎಂಟೂ ಜನ ಒಂದೇ ಯೂಸರ್‌ನೇಮಿನಲ್ಲಿ ಒಳಬರುತ್ತಿದ್ದರು. ಇದಕ್ಕಿಂತ ನಾಚಿಕೆಯ ಸಂಗತಿ ಬೇರೆ ಇತ್ತು. ಎರಡು ವರ್ಷದ ಹಿಂದೆ ಆ ಫೋಲ್ಡರಿಗೆ "ಎವ್ರಿಒನ್, ಫುಲ್ ಕಂಟ್ರೋಲ್" ಅಂತ, ಅಂದರೆ ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದು ಅಂತ, ಟಿಕ್ ಹಾಕಿದವನು ನಾನೇ. ಡೊಂಬಿವಲಿ ಫಾಸ್ಟ್ ಲೋಕಲ್ ಹಿಡಿಯುವ ಅವಸರದಲ್ಲಿ.

ಆಮೇಲೆ ಅದೇ ಆಫೀಸಿನಲ್ಲಿ ಒಂದು ಶನಿವಾರ ಪೂರ್ತಿ ಕೂತು ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದೆ. ಹೇಗೆ ಕಟ್ಟಿದೆ ಅನ್ನುವುದನ್ನೇ ಇಲ್ಲಿ ಬರೆದಿದ್ದೇನೆ. ಡೊಮೇನ್ ಸರ್ವರ್ (ಎಲ್ಲರ ಲಾಗಿನ್ ಒಂದೇ ಕಡೆ ನೋಡಿಕೊಳ್ಳುವ ಮಷಿನ್) ಇಲ್ಲದ, ಹತ್ತು ಹದಿನೈದು ಮಷಿನ್‌ಗಳ ಆಫೀಸಿಗೆ ಇದು ಸಾಕು.

ವಾಚ್‌ಮನ್ ಮತ್ತು ಬೀಗ

ವಿಂಡೋಸ್‌ನಲ್ಲಿ ಒಂದೇ ಫೋಲ್ಡರಿಗೆ ಎರಡು ಥರದ ಅನುಮತಿ ಇರುತ್ತದೆ. ಇದು ತಲೆಗೆ ಹೋಗದಿದ್ದರೆ ಮುಂದಿನದೆಲ್ಲ ಕತ್ತಲೆ.

ಬಿಲ್ಡಿಂಗಿನ ಗೇಟಿನಲ್ಲಿ ವಾಚ್‌ಮನ್ ಇದ್ದಾನೆ, ಫ್ಲ್ಯಾಟಿನ ಬಾಗಿಲಿಗೆ ಬೀಗ ಇದೆ ಅಂದುಕೊಳ್ಳಿ. ಶೇರಿಂಗ್ ಟ್ಯಾಬಿನಲ್ಲಿ ಕೊಡುವುದು ವಾಚ್‌ಮನ್‌ಗೆ ಕೊಡುವ ಪಟ್ಟಿ. ಅಲ್ಲಿ ಇರುವುದು ಮೂರೇ ಬಗೆ: ರೀಡ್, ಚೇಂಜ್, ಫುಲ್ ಕಂಟ್ರೋಲ್. ಸೆಕ್ಯುರಿಟಿ ಟ್ಯಾಬಿನಲ್ಲಿ ಕೊಡುವುದು ಫ್ಲ್ಯಾಟಿನ ಬೀಗ, ಎನ್‌ಟಿಎಫ್‌ಎಸ್ ಪರ್ಮಿಷನ್ ಅನ್ನುವುದು ಇದನ್ನೇ. ಅದರಲ್ಲಿ ಓದುವುದು, ಬರೆಯುವುದು, ಅಳಿಸುವುದು, ಪಟ್ಟಿ ಮಾತ್ರ ನೋಡುವುದು ಅಂತ ಸೂಕ್ಷ್ಮ ವಿಂಗಡಣೆ ಇದೆ. ನೆಟ್‌ವರ್ಕ್ ಮೂಲಕ ಬರುವವರು ಎರಡನ್ನೂ ದಾಟಬೇಕು, ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಬೀಗದ ಕೈ ಇದ್ದರೂ ವಾಚ್‌ಮನ್ "ನೋಡಿ ಹೋಗಿ, ಮುಟ್ಟಬೇಡಿ" ಅಂದರೆ ಅಷ್ಟೇ. "ಸೆಕ್ಯುರಿಟಿಯಲ್ಲಿ ಎಲ್ಲ ಕೊಟ್ಟಿದ್ದೇನೆ, ಆದ್ರೂ ಸೇವ್ ಆಗ್ತಿಲ್ಲ" ಅನ್ನುವ ಹತ್ತು ಫೋನುಗಳಲ್ಲಿ ಹೆಚ್ಚಿನವು ಇದೇ ಕತೆ, ಯಾಕೆಂದರೆ ಹೊಸದಾಗಿ ಮಾಡಿದ ಶೇರಿನಲ್ಲಿ ವಿಂಡೋಸ್ ತಾನಾಗಿ ಇಡುವುದು ಎವ್ರಿಒನ್‌ಗೆ ರೀಡ್ ಮಾತ್ರ.

ಆ ಮಷಿನ್ ಮುಂದೆಯೇ ಕೂತು ಕೆಲಸ ಮಾಡುವವರಿಗೆ ವಾಚ್‌ಮನ್ ಸಿಗುವುದೇ ಇಲ್ಲ. ಅವರು ಬಿಲ್ಡಿಂಗಿನ ಒಳಗೇ ಇದ್ದಾರಲ್ಲ. ಅವರನ್ನು ತಡೆಯುವುದು ಬೀಗ ಒಂದೇ. ಹಾಗಾಗಿ ಶೇರ್ ಪರ್ಮಿಷನ್ ಒಂದನ್ನೇ ನಂಬಿ ಸಂಬಳದ ಫೋಲ್ಡರ್ ಇಡಬೇಡಿ.

ಕಂಪ್ಯೂಟರ್ ಆಮೇಲೆ, ಕಾಗದ ಮೊದಲು

ಒಂದು ಹಾಳೆಯ ಎಡಗಡೆ ಫೋಲ್ಡರುಗಳು, ಮೇಲ್ಗಡೆ ಕೆಲಸಗಳು. ಜನರ ಹೆಸರಲ್ಲ, ಕೆಲಸಗಳು. ಅಕೌಂಟ್ಸ್, ಜಿಎಸ್‌ಟಿ, ಆರ್ಟಿಕಲ್‌ಗಳು (ಸಿಎ ಓದುತ್ತಾ ಆಫೀಸಿನಲ್ಲಿ ಕೆಲಸ ಕಲಿಯುವವರು), ಪಾರ್ಟ್‌ನರುಗಳು. ಪ್ರತಿ ಚೌಕದಲ್ಲಿ "ಇಲ್ಲ", "ಓದು", "ತಿದ್ದು" ಈ ಮೂರರಲ್ಲಿ ಒಂದು. ಸಿಎ ಸಾಹೇಬರ ಹತ್ತಿರ ಈ ಹಾಳೆ ಹಿಡಿದು ಕೂತರೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಆದರೆ ಅವರಿಂದಲೇ ಮುಗಿಸಿಕೊಳ್ಳಿ. ಯಾರು ಏನು ನೋಡಬೇಕು ಅನ್ನುವುದನ್ನು ನಾವು ಕಂಪ್ಯೂಟರಿನವರು ತೀರ್ಮಾನಿಸಿದರೆ ನಾಳೆ ಬೈಗುಳ ಬರುವುದೂ ನಮಗೇ. ಹಾಳೆಗೆ ಅವರ ಸಹಿ ಹಾಕಿಸಿಕೊಂಡೆ. ನಕ್ಕರು, ಹಾಕಿದರು.

ಫೋಲ್ಡರ್ ಇರುವ ಮಷಿನ್

ಎಲ್ಲ ಕಡತ ಒಂದೇ ಮಷಿನ್‌ನಲ್ಲಿ ಇರಲಿ, ಅದರಲ್ಲಿ ವಿಂಡೋಸ್ ಪ್ರೊ ಇರಲಿ. ಹೋಮ್ ಆವೃತ್ತಿಯಲ್ಲಿ ಗ್ರೂಪ್ ಮಾಡುವ ಕಿಟಕಿ ಸಿಗುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಹೊಸದಾಗಿ ಕಟ್ಟುವಾಗ 11ರಲ್ಲೇ ಕಟ್ಟಿ. ವಿಂಡೋಸ್ 10, 11ರಂಥ ಡೆಸ್ಕ್‌ಟಾಪ್ ಆವೃತ್ತಿ ಒಂದೇ ಹೊತ್ತಿಗೆ 20 ಸಂಪರ್ಕಗಳನ್ನಷ್ಟೇ ಒಪ್ಪಿಕೊಳ್ಳುತ್ತದೆ. ಆಫೀಸು ಅದಕ್ಕಿಂತ ಬೆಳೆದರೆ ನ್ಯಾಸ್ ಪೆಟ್ಟಿಗೆಯನ್ನೋ (ನೆಟ್‌ವರ್ಕಿಗೆ ಜೋಡಿಸುವ, ಕಡತ ಇಡಲೆಂದೇ ಇರುವ ಡಿಸ್ಕ್ ಪೆಟ್ಟಿಗೆ) ನಿಜವಾದ ಸರ್ವರನ್ನೋ ಕೊಳ್ಳುವ ಕಾಲ ಬಂತು ಅಂತ ಅರ್ಥ.

ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ಪ್ರೈವೇಟ್ ಅಂತ ಇದೆಯೇ ನೋಡಿ. ಪಬ್ಲಿಕ್ ಅಂತಿದ್ದರೆ ಫೈರ್‌ವಾಲ್ ಬಾಗಿಲು ಹಾಕಿಕೊಂಡು ಕೂರುತ್ತದೆ. ಆಮೇಲೆ ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್, ಅದರೊಳಗೆ ಅಡ್ವಾನ್ಸ್ಡ್ ಶೇರಿಂಗ್ ಸೆಟ್ಟಿಂಗ್ಸ್. ಪ್ರೈವೇಟ್ ಕೆಳಗೆ ನೆಟ್‌ವರ್ಕ್ ಡಿಸ್ಕವರಿ ಆನ್, ಫೈಲ್ ಆಂಡ್ ಪ್ರಿಂಟರ್ ಶೇರಿಂಗ್ ಆನ್. ಕೊನೆಯಲ್ಲಿ ಪಾಸ್‌ವರ್ಡ್ ಪ್ರೊಟೆಕ್ಟೆಡ್ ಶೇರಿಂಗ್ ಅಂತ ಒಂದಿದೆ. ಏನೇ ತೊಂದರೆ ಬಂದರೂ ಅದನ್ನು ಆಫ್ ಮಾಡಿ ಅಂತ ಸಲಹೆ ಕೊಡುವವರು ಸಿಗುತ್ತಾರೆ. ಕೇಳಬೇಡಿ. ಅದು ಆಫ್ ಆದರೆ ಬರುವವರೆಲ್ಲ ಗೆಸ್ಟ್, ಆಮೇಲೆ ನಿಮ್ಮ ಹಾಳೆಗೆ ಬೆಲೆಯೇ ಇಲ್ಲ.

ಯೂಸರ್, ಗ್ರೂಪ್, ಪಿನ್ ಎಂಬ ತಾಪತ್ರಯ

ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್, ಕಂಪ್ಯೂಟರ್ ಮ್ಯಾನೇಜ್‌ಮೆಂಟ್, ಲೋಕಲ್ ಯೂಸರ್ಸ್ ಆಂಡ್ ಗ್ರೂಪ್ಸ್. ಇಲ್ಲಿ ಆಫೀಸಿನ ಪ್ರತಿಯೊಬ್ಬರಿಗೂ ಒಂದೊಂದು ಯೂಸರ್ ಮಾಡಿ. ಅವರವರ ಮಷಿನ್‌ನಲ್ಲಿ ಯಾವ ಹೆಸರು, ಯಾವ ಪಾಸ್‌ವರ್ಡ್ ಇದೆಯೋ ಇಲ್ಲೂ ಅದನ್ನೇ ಕೊಟ್ಟರೆ ದಿನಾ ಪಾಸ್‌ವರ್ಡ್ ಕೇಳುವ ರಗಳೆ ಇಲ್ಲ.

ಇಲ್ಲಿ ಜನ ಎಡವುವುದು ಎರಡು ಕಡೆ. ಒಂದು, ಪಾಸ್‌ವರ್ಡೇ ಇಲ್ಲದ ಯೂಸರ್. ಮಷಿನ್ ಮುಂದೆ ಕೂತು ಲಾಗಿನ್ ಆಗಲು ಬಿಡುವ ವಿಂಡೋಸ್, ಖಾಲಿ ಪಾಸ್‌ವರ್ಡಿನವರನ್ನು ನೆಟ್‌ವರ್ಕ್ ಮೂಲಕ ಒಳಗೆ ಬಿಡುವುದಿಲ್ಲ. ಇನ್ನೊಂದು, ಪಿನ್. "ನಾಲ್ಕಂಕಿ ಹಾಕಿದ್ರೆ ಕಂಪ್ಯೂಟರ್ ಓಪನ್ ಆಗ್ತದೆ, ಶೇರ್ ಮಾತ್ರ ತಪ್ಪು ಪಾಸ್‌ವರ್ಡ್ ಅಂತದೆ, ಎಂಥ ಮಾರಾಯ್ರೇ ಇದು" ಅಂತ ಅಕೌಂಟ್ಸ್ ನೋಡುವ ಅಕ್ಕ ಕೇಳಿದ್ದರು. ಪಿನ್ ಆ ಒಂದು ಮಷಿನ್‌ಗೆ ಮಾತ್ರ ಸಂಬಂಧಪಟ್ಟದ್ದು, ನೆಟ್‌ವರ್ಕಿಗೆ ಬೇಕಾದ್ದು ನಿಜವಾದ ಪಾಸ್‌ವರ್ಡ್. ಪಿನ್ ಬಳಸಿ ಬಳಸಿ ಅವರಿಗೆ ಪಾಸ್‌ವರ್ಡ್ ಮರೆತೇ ಹೋಗಿತ್ತು.

ಯೂಸರ್ ಆದ ಮೇಲೆ ಗ್ರೂಪ್. ಹಾಳೆಯಲ್ಲಿ ಮೇಲ್ಗಡೆ ಬರೆದ ಒಂದೊಂದು ಕೆಲಸಕ್ಕೂ ಒಂದೊಂದು ಗ್ರೂಪ್, ಜೊತೆಗೆ ಎಲ್ಲರನ್ನೂ ಸೇರಿಸಿದ "ಸ್ಟಾಫ್" ಅಂತ ಒಂದು. ಇನ್ನು ಮುಂದೆ ಯಾವ ಫೋಲ್ಡರಿಗೂ ವ್ಯಕ್ತಿಯ ಹೆಸರಲ್ಲಿ ಅನುಮತಿ ಕೊಡುವುದಿಲ್ಲ ಅಂತ ನಿಮಗೆ ನೀವೇ ಮಾತು ಕೊಟ್ಟುಕೊಳ್ಳಿ. ಸಿಎ ಆರ್ಟಿಕಲ್‌ಶಿಪ್ ಮೂರು ವರ್ಷದಿಂದ ಎರಡಕ್ಕೆ ಇಳಿದ ಮೇಲೆ ಈ ಆಫೀಸುಗಳಲ್ಲಿ ಹುಡುಗರು ಬಂದು ಹೋಗುವುದು ಇನ್ನೂ ಬೇಗ. ಬಂದವನನ್ನು ಗ್ರೂಪಿಗೆ ಸೇರಿಸು, ಹೋದವನನ್ನು ತೆಗೆ. ಹೆಸರು ಹಿಡಿದು ಕೊಟ್ಟಿದ್ದರೆ ಐವತ್ತು ಫೋಲ್ಡರ್ ತಡಕಬೇಕು.

ಗೇಟು

ಡಿ ಡ್ರೈವಿನಲ್ಲಿ "ಆಫೀಸ್" ಅಂತ ಒಂದು ಫೋಲ್ಡರ್ ಮಾಡಿ. ಡೆಸ್ಕ್‌ಟಾಪ್ ಮೇಲಿನ ಫೋಲ್ಡರನ್ನು ಶೇರ್ ಮಾಡಬೇಡಿ. ಅಲ್ಲಿನದನ್ನು ಸುಲಭದ ಶೇರ್ ಬಟನ್ ಒತ್ತಿ ಹಂಚಿದರೆ ಯೂಸರ್ಸ್ ಅನ್ನುವ ಇಡೀ ಫೋಲ್ಡರೇ ನೆಟ್‌ವರ್ಕಿನಲ್ಲಿ ತಲೆ ಹಾಕುತ್ತದೆ. ಪೆನ್‌ಡ್ರೈವ್ ಥರದ, ಎಕ್ಸ್‌ಫ್ಯಾಟ್‌ನಲ್ಲಿ ಫಾರ್ಮ್ಯಾಟ್ ಆದ ಡಿಸ್ಕ್ ಬಳಸಿದರೆ ಸೆಕ್ಯುರಿಟಿ ಟ್ಯಾಬೇ ಇರುವುದಿಲ್ಲ, ಬೀಗ ಹಾಕಲು ಬಾಗಿಲೇ ಇಲ್ಲದ ಹಾಗೆ.

ಫೋಲ್ಡರಿನ ಪ್ರಾಪರ್ಟೀಸ್, ಶೇರಿಂಗ್, ಅಡ್ವಾನ್ಸ್ಡ್ ಶೇರಿಂಗ್, ಪರ್ಮಿಷನ್ಸ್. ಎವ್ರಿಒನ್ ಅನ್ನು ತೆಗೆದು ಹಾಕಿ, ಸ್ಟಾಫ್ ಗ್ರೂಪ್ ಸೇರಿಸಿ, ಚೇಂಜ್ ಕೊಡಿ. ಇಲ್ಲಿ ಫುಲ್ ಕಂಟ್ರೋಲ್ ಕೊಟ್ಟು ಬಿಗಿಯೆಲ್ಲ ಸೆಕ್ಯುರಿಟಿ ಟ್ಯಾಬಿನಲ್ಲಿ ಮಾಡುವವರೂ ಇದ್ದಾರೆ, ತಪ್ಪಲ್ಲ. ನನಗೆ ಚೇಂಜ್ ಯಾಕೆ ಇಷ್ಟವೆಂದರೆ, ಫೈಲ್ ಹುಟ್ಟಿಸಿದವರನ್ನು ವಿಂಡೋಸ್ ಅದರ ಮಾಲೀಕ ಅಂತ ಎಣಿಸುತ್ತದೆ. ಮಾಲೀಕನಿಗೆ ತನ್ನ ಫೈಲಿನ ಅನುಮತಿ ಬದಲಿಸುವ ಹಕ್ಕು ಇದ್ದೇ ಇರುತ್ತದೆ. ಗೇಟಿನಲ್ಲಿ ಚೇಂಜ್ ಮಾತ್ರ ಇದ್ದರೆ ನೆಟ್‌ವರ್ಕ್ ಮೂಲಕ ಬಂದ ಬುದ್ಧಿವಂತ ಆರ್ಟಿಕಲ್ ಹುಡುಗನಿಗೆ ಆ ಆಟ ಆಡಲಾಗುವುದಿಲ್ಲ.

ಬೀಗ

ಈಗ ಸೆಕ್ಯುರಿಟಿ ಟ್ಯಾಬ್, ಅಡ್ವಾನ್ಸ್ಡ್. ಶನಿವಾರದ ಮುಕ್ಕಾಲು ಭಾಗ ಹೋದದ್ದು ಇಲ್ಲಿಯೇ.

ತೆರೆದ ಕೂಡಲೇ ಒಂದು ಪಟ್ಟಿ ಕಾಣುತ್ತದೆ. ಅದರಲ್ಲಿ ಆಥೆಂಟಿಕೇಟೆಡ್ ಯೂಸರ್ಸ್‌ಗೆ ಮಾಡಿಫೈ ಅಂತ ಇರುವ ಸಾಲು ಡಿ ಡ್ರೈವಿನಿಂದ ಇಳಿದು ಬಂದದ್ದು. ಅಂದರೆ ಪಾಸ್‌ವರ್ಡ್ ಇರುವ ಯಾರೇ ಆದರೂ ಅಳಿಸಬಹುದು. ಇದನ್ನು ನೇರ ತೆಗೆಯಲು ಬಿಡುವುದಿಲ್ಲ. ಕೆಳಗಿನ ಡಿಸೇಬಲ್ ಇನ್ಹೆರಿಟನ್ಸ್ ಒತ್ತಿ. ಎರಡು ಆಯ್ಕೆ ಕೇಳುತ್ತದೆ, ಕನ್ವರ್ಟ್ ಅನ್ನುವುದನ್ನು ಆರಿಸಿ. ರಿಮೂವ್ ಅಂದರೆ ಪಟ್ಟಿ ಪೂರ್ತಿ ಖಾಲಿ. ಕನ್ವರ್ಟ್ ಆದ ಮೇಲೆ ಆಥೆಂಟಿಕೇಟೆಡ್ ಯೂಸರ್ಸ್ ಸಾಲನ್ನೂ ಯೂಸರ್ಸ್ ಸಾಲನ್ನೂ ತೆಗೆಯಿರಿ. ಸಿಸ್ಟಮ್, ಅಡ್ಮಿನಿಸ್ಟ್ರೇಟರ್ಸ್ ಇವೆರಡನ್ನು ಮುಟ್ಟಬೇಡಿ.

ಆಮೇಲೆ ಸ್ಟಾಫ್ ಗ್ರೂಪಿಗೆ ರೀಡ್ ಆಂಡ್ ಎಕ್ಸಿಕ್ಯೂಟ್ ಕೊಡಿ, ಆದರೆ "ಅಪ್ಲೈಸ್ ಟು" ಅನ್ನುವ ಕಡೆ "ದಿಸ್ ಫೋಲ್ಡರ್ ಓನ್ಲಿ" ಅಂತ ಆರಿಸಿ. ಎಲ್ಲರೂ ಒಳಗೆ ಬಂದು ಯಾವ ಯಾವ ಕೋಣೆ ಇದೆ ಅಂತ ನೋಡಬಹುದು, ಕೋಣೆಗಳಿಗೆ ಆ ಅನುಮತಿ ಇಳಿಯುವುದಿಲ್ಲ. ಇದರಿಂದ ದೊಡ್ಡ ಉಪಕಾರ ಅಂದರೆ, ಒಳಗೆ ನೀವು ಯಾವ ಹೊಸ ಫೋಲ್ಡರ್ ಮಾಡಿದರೂ ಅದು ಹುಟ್ಟುತ್ತಲೇ ಮುಚ್ಚಿರುತ್ತದೆ. ಬೇಕಾದವರಿಗೆ ತೆರೆಯುವುದು ಮಾತ್ರ ಕೆಲಸ. ಸಂಬಳದ ಫೋಲ್ಡರಿಗೆ ಪಾರ್ಟ್‌ನರ್ ಗ್ರೂಪ್, ಮಾಡಿಫೈ. ಮುಗಿಯಿತು. ಜಿಎಸ್‌ಟಿಗೆ ಜಿಎಸ್‌ಟಿ ಗ್ರೂಪಿಗೆ ಮಾಡಿಫೈ, ಅಕೌಂಟ್ಸ್ ಗ್ರೂಪಿಗೆ ರೀಡ್. ಹಾಳೆಯನ್ನು ನೋಡಿ ನೋಡಿ ತುಂಬುತ್ತಾ ಹೋಗಿ. ಬಳಕೆದಾರರಿಗೆ ಫುಲ್ ಕಂಟ್ರೋಲ್ ಬೇಕಾಗುವ ಸಂದರ್ಭ ನಾನಂತೂ ಕಂಡಿಲ್ಲ, ತಿದ್ದುವುದು, ಅಳಿಸುವುದು, ಹೊಸದು ಮಾಡುವುದು ಎಲ್ಲಕ್ಕೂ ಮಾಡಿಫೈ ಸಾಕು.

ಇನ್ನು ಚೆಂಬೂರು ಹೋಟೆಲಿನ ಪ್ರಕರಣ. ಫೋಲ್ಡರಿನ ಒಳಗೆ ಕೆಲಸ ಮಾಡಲು ಬಿಡಬೇಕು, ಫೋಲ್ಡರನ್ನೇ ಎಳೆದುಕೊಂಡು ಹೋಗಲು ಬಿಡಬಾರದು. ಇದಕ್ಕೆ ಒಂದೇ ಗ್ರೂಪಿಗೆ ಎರಡು ಸಾಲು ಬರೆಯಬೇಕು. ಗ್ರಾಹಕರ ಫೋಲ್ಡರುಗಳೆಲ್ಲ "ಗಿರಾಕಿ" ಅನ್ನುವ ತಾಯಿ ಫೋಲ್ಡರಿನಲ್ಲಿವೆ ಅನ್ನಿ. ತಾಯಿಗೆ ಸ್ಟಾಫ್, ರೀಡ್ ಆಂಡ್ ಎಕ್ಸಿಕ್ಯೂಟ್, ದಿಸ್ ಫೋಲ್ಡರ್ ಓನ್ಲಿ. ಆಮೇಲೆ ಒಂದೊಂದು ಗಿರಾಕಿಯ ಫೋಲ್ಡರಿಗೆ ಹೋಗಿ ಮೊದಲ ಸಾಲು: ಸ್ಟಾಫ್, ರೀಡ್ ಆಂಡ್ ಎಕ್ಸಿಕ್ಯೂಟ್ ಜೊತೆಗೆ ರೈಟ್, ದಿಸ್ ಫೋಲ್ಡರ್ ಓನ್ಲಿ. ಎರಡನೇ ಸಾಲು: ಸ್ಟಾಫ್, ಮಾಡಿಫೈ, "ಸಬ್‌ಫೋಲ್ಡರ್ಸ್ ಆಂಡ್ ಫೈಲ್ಸ್ ಓನ್ಲಿ". ಒಳಗೆ ಏನು ಬೇಕಾದರೂ ಮಾಡಬಹುದು, ಆದರೆ ಹೊರಗಿನ ಡಬ್ಬಿಗೆ ಡಿಲೀಟ್ ಹಕ್ಕಿಲ್ಲ. ಡಿಲೀಟ್ ಹಕ್ಕು ಇಲ್ಲದೆ ಫೋಲ್ಡರ್ ಜಾಗ ಬಿಟ್ಟು ಕದಲುವುದಿಲ್ಲ, ಹೆಸರೂ ಬದಲಾಗುವುದಿಲ್ಲ. ನಲವತ್ತು ಚಿಲ್ಲರೆ ಗಿರಾಕಿಗಳಿಗೆ ಇದನ್ನು ಕೈಯಲ್ಲೇ ಮಾಡಿದೆ. ಎರಡು ಕಟಿಂಗ್ ಚಹಾ, ಒಂದು ವಡಾಪಾವ್ ಆಯಿತು. ಹೊಸ ಗಿರಾಕಿ ಬಂದರೆ ಫೋಲ್ಡರ್ ಮಾಡುವ ಅಧಿಕಾರ ಈಗ ಅಡ್ಮಿನ್‌ಗೆ ಮಾತ್ರ, ಆಫೀಸಿನಲ್ಲಿ ಒಬ್ಬರಿಗೆ ಕಲಿಸಿದ್ದೇನೆ.

ಒಂದು ಕಿರಿಕಿರಿ ಮೊದಲೇ ಹೇಳಿಬಿಡುತ್ತೇನೆ. ಯೂಸರ್ಸ್ ಸಾಲು ತೆಗೆದ ಮೇಲೆ ಆ ಮಷಿನ್‌ನಲ್ಲೇ ಫೋಲ್ಡರ್ ತೆರೆಯಲು ಹೋದರೆ, ಅಡ್ಮಿನ್ ಆಗಿದ್ದರೂ "ಅನುಮತಿ ಇಲ್ಲ, ಕಂಟಿನ್ಯೂ ಒತ್ತಿ" ಅನ್ನುವ ಪೆಟ್ಟಿಗೆ ಬರುತ್ತದೆ. ಒತ್ತಿದರೆ ತೆರೆಯುತ್ತದೆ ನಿಜ, ಜೊತೆಗೆ ನಿಮ್ಮ ಹೆಸರನ್ನು ಆ ಪಟ್ಟಿಗೆ ಶಾಶ್ವತವಾಗಿ ಬರೆದೂ ಬಿಡುತ್ತದೆ. ಆರು ತಿಂಗಳ ಮೇಲೆ ಪಟ್ಟಿಯಲ್ಲಿ ನಿಮ್ಮ ಹೆಸರು ಎಲ್ಲಿಂದ ಬಂತು ಅಂತ ತಲೆ ಕೆರೆದುಕೊಳ್ಳುವುದು ಇದಕ್ಕೇ.

ಡಿನೈ ಕಾಲಮ್ಮನ್ನು ಮರೆತುಬಿಡಿ. ಒಬ್ಬನಿಗೆ ಬೇಡ ಅಂದರೆ ಅವನಿರುವ ಗ್ರೂಪಿಗೆ ಅಲೌ ಕೊಡದಿದ್ದರೆ ಸಾಕು. ಡಿನೈ ಸಾಮಾನ್ಯವಾಗಿ ಅಲೌಗಿಂತ ಮೇಲು. ಎವ್ರಿಒನ್‌ಗೆ ಡಿನೈ ಹಾಕಿದರೆ ಆ ಎವ್ರಿಒನ್‌ನಲ್ಲಿ ನೀವೂ ಇದ್ದೀರಿ, ಸಿಎ ಸಾಹೇಬರೂ ಇದ್ದಾರೆ.

ಟ್ಯಾಲಿ ಮಾತ್ರ ಬೇರೆ ಜಾತಿ

ಲೆಕ್ಕ ಬರೆಯುವ ಸಾಫ್ಟ್‌ವೇರ್ ಟ್ಯಾಲಿಯ ಡೇಟಾ ಫೋಲ್ಡರನ್ನು ನೆಟ್‌ವರ್ಕಿನಲ್ಲಿ ಹಲವರು ಬಳಸುವಾಗ ಎಂಟ್ರಿ ಮಾಡುವವರಿಗೆಲ್ಲ ಅಲ್ಲಿ ಬರೆಯುವ, ಅಳಿಸುವ ಅನುಮತಿ ಬೇಕೇ ಬೇಕು. ಟ್ಯಾಲಿಯೊಳಗೆ ಎಷ್ಟು ಪಾಸ್‌ವರ್ಡ್ ಹಾಕಿದರೂ, ಎಕ್ಸ್‌ಪ್ಲೋರರ್ ತೆರೆದು ಅಂಕಿಯ ಹೆಸರಿನ ಕಂಪನಿ ಫೋಲ್ಡರನ್ನು ಅಳಿಸುವವನನ್ನು ಅದು ತಡೆಯಲಾರದು. ಹಾಗಾಗಿ ಅದನ್ನು "ಆಫೀಸ್" ಒಳಗೆ ಇಡದೆ ಬೇರೆ ಶೇರ್ ಮಾಡಿ, ಹೆಸರಿನ ಕೊನೆಗೆ ಡಾಲರ್ ಚಿಹ್ನೆ ಹಾಕಿ. ಡಾಲರ್ ಇರುವ ಶೇರ್ ನೆಟ್‌ವರ್ಕ್ ಪಟ್ಟಿಯಲ್ಲಿ ಕಾಣುವುದಿಲ್ಲ, ದಾರಿ ಗೊತ್ತಿದ್ದವರಿಗೆ ಸಿಗುತ್ತದೆ. ಇದು ಬೀಗವಲ್ಲ, ಪರದೆ ಅಷ್ಟೇ. ಅಸಲಿ ಕಾವಲು ದಿನಾ ರಾತ್ರಿಯ ಬ್ಯಾಕಪ್, ಅದೂ ಸ್ಟಾಫಿಗೆ ಅನುಮತಿ ಇಲ್ಲದ ಜಾಗಕ್ಕೆ. ರ್‍ಯಾನ್‌ಸಮ್‌ವೇರ್ ಅನ್ನುವ, ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳುವ ವೈರಸ್ ಬಂದರೆ ಆ ಯೂಸರ್ ತಿದ್ದಬಲ್ಲ ಪ್ರತಿಯೊಂದನ್ನೂ ಅದೂ ತಿದ್ದಬಲ್ಲದು.

ಪರೀಕ್ಷೆ

ಒಬ್ಬೊಬ್ಬರ ಕುರ್ಚಿಗೆ ಹೋಗಿ, ಅವರ ಲಾಗಿನ್‌ನಲ್ಲೇ ನೋಡಿ. ನಿಮ್ಮ ಅಡ್ಮಿನ್ ಲಾಗಿನ್‌ನಲ್ಲಿ ಎಲ್ಲವೂ ಸರಿಯಾಗೇ ಕಾಣುತ್ತದೆ. ಸಿಗಬೇಕಾದ್ದು ಸಿಗುತ್ತದೆಯೇ ಅನ್ನುವುದಕ್ಕಿಂತ ಸಿಗಬಾರದ್ದು ಸಿಗುತ್ತಿಲ್ಲವಲ್ಲ ಅನ್ನುವುದನ್ನು ಮೊದಲು ನೋಡಿ.

ಗ್ರೂಪಿಗೆ ಸೇರಿಸಿದರೂ ತೆರೆಯದಿದ್ದರೆ ಸೈನ್ ಔಟ್ ಮಾಡಿ ಮತ್ತೆ ಬರಲು ಹೇಳಿ, ಹಳೇ ಸಂಪರ್ಕಕ್ಕೆ ಹೊಸ ಗ್ರೂಪ್ ಗೊತ್ತಿರುವುದಿಲ್ಲ. "ಒಂದೇ ಸರ್ವರಿಗೆ ಒಂದಕ್ಕಿಂತ ಹೆಚ್ಚು ಯೂಸರ್‌ನೇಮಿನಲ್ಲಿ ಸಂಪರ್ಕ ಸಾಧ್ಯವಿಲ್ಲ" ಅನ್ನುವ 1219 ನಂಬರಿನ ತಪ್ಪು ಬಂದರೆ ಕಂಟ್ರೋಲ್ ಪ್ಯಾನೆಲ್‌ನ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಹಳೇ ಪಾಸ್‌ವರ್ಡ್ ಕೂತಿದೆಯೇ ನೋಡಿ, ಅಳಿಸಿ, ಮ್ಯಾಪ್ ಮಾಡಿದ ಡ್ರೈವನ್ನೂ ಕಡಿದು ಮತ್ತೆ ಜೋಡಿಸಿ. ನಮ್ಮ ಎಂಟರಲ್ಲಿ ಐದು ಮಷಿನ್‌ಗಳಲ್ಲಿ ಇದೇ ಆಗಿತ್ತು.

ಒಂದೇ ಡ್ರೈವಿನಲ್ಲಿ ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಕಟ್-ಪೇಸ್ಟ್ ಮಾಡಿದ ಫೈಲ್ ತನ್ನ ಹಳೇ ಅನುಮತಿಯನ್ನೇ ಹೊತ್ತುಕೊಂಡು ಬರಬಹುದು. ಕಾಪಿ ಮಾಡಿದರೆ ಹೊಸ ಮನೆಯ ನಿಯಮ ಹತ್ತುತ್ತದೆ. "ಈ ಒಂದು ಎಕ್ಸೆಲ್ ಮಾತ್ರ ನಮಗೆ ತೆರೀತಿಲ್ಲ" ಅನ್ನುವ ದೂರು ಬಂದಾಗ ಮೊದಲು ಕೇಳಿ, ಎಲ್ಲಿಂದ ತಂದು ಹಾಕಿದ್ದು ಅಂತ.

ಝೆರಾಕ್ಸ್ ಯಂತ್ರ

ಸ್ಕ್ಯಾನ್ ಮಾಡಿದ್ದನ್ನು ನೇರ ಫೋಲ್ಡರಿಗೆ ಹಾಕುವ ಯಂತ್ರಕ್ಕೆ ಅದರದ್ದೇ ಒಂದು ಯೂಸರ್ ಮಾಡಿ, "ಸ್ಕ್ಯಾನ್" ಅನ್ನುವ ಒಂದೇ ಫೋಲ್ಡರಿಗೆ ಅನುಮತಿ ಕೊಡಿ. ಅಡ್ಮಿನ್ ಪಾಸ್‌ವರ್ಡನ್ನು ಆ ಯಂತ್ರದೊಳಗೆ ಬರೆದಿಟ್ಟ ಆಫೀಸುಗಳನ್ನು ಎಷ್ಟೋ ನೋಡಿದ್ದೇನೆ. ಯಂತ್ರ ಹಳೆಯದಾಗಿದ್ದರೆ ರಿಪೇರಿಗೆ ಬಂದ ಹುಡುಗ "ಎಸ್‌ಎಂಬಿ 1 ಆನ್ ಮಾಡಿ" ಅನ್ನುತ್ತಾನೆ. ಬೇಡ. ಎಸ್‌ಎಂಬಿ ಅಂದರೆ ನೆಟ್‌ವರ್ಕಿನಲ್ಲಿ ಫೋಲ್ಡರ್ ಹಂಚಲು ವಿಂಡೋಸ್ ಬಳಸುವ ಭಾಷೆ, 1 ಅನ್ನುವುದು ಅದರ ಹಳೇ ಆವೃತ್ತಿ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಅನ್ನುವ ದುಡ್ಡು ಕೇಳುವ ವೈರಸ್ ಜಗತ್ತಿನ ಆಫೀಸುಗಳಿಗೆಲ್ಲ ಹಬ್ಬಿದ್ದು ಆ ಹಳೇ ಎಸ್‌ಎಂಬಿಯ ತೂತಿನಿಂದಲೇ, ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರಿಂದ ಮುಂದೆ ಅದನ್ನು ಹೊಸದಾಗಿ ಹಾಕುವುದನ್ನೇ ಮೈಕ್ರೋಸಾಫ್ಟ್ ನಿಲ್ಲಿಸಿತು. ಸ್ಕ್ಯಾನ್ ಅನ್ನು ಇಮೇಲ್‌ಗೆ ಕಳಿಸಿಕೊಳ್ಳಿ, ಇಲ್ಲ ಪೆನ್‌ಡ್ರೈವ್.

ಬಿಟ್ಟು ಹೋದವರು

ಕೆಲಸ ಬಿಟ್ಟವರ ಯೂಸರನ್ನು ಅಂದೇ ಡಿಸೇಬಲ್ ಮಾಡಿ, ಅಳಿಸಲು ಅವಸರ ಬೇಡ. ಅಳಿಸಿದರೆ ಅನುಮತಿ ಪಟ್ಟಿಗಳಲ್ಲಿ ಹೆಸರಿನ ಬದಲು ಎಸ್-1-5-21 ಅಂತ ಶುರುವಾಗುವ ಉದ್ದನೆ ಅಂಕಿ ಉಳಿದು, ಅದು ಯಾರು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅದೇ ಹೆಸರಲ್ಲಿ ಮತ್ತೆ ಯೂಸರ್ ಮಾಡಿದರೂ ವಿಂಡೋಸಿಗೆ ಅವನು ಹೊಸಬ.

ಆ ಶನಿವಾರದ ಮೇಲೆ ಆ ಆಫೀಸಿನಿಂದ ಫೋನ್ ಕಡಿಮೆಯಾಗಿದೆ, ನಿಂತಿಲ್ಲ. ಮೊನ್ನೆ ಸಂಜೆ ಏಳಕ್ಕೆ ಸಿಎ ಸಾಹೇಬರು: ಎಕ್ಸೆಲ್ ಫೈಲ್ ಲಾಕ್ ಆಗಿದೆ, ಬೇರೆಯವರು ತೆರೆದಿಟ್ಟಿದ್ದಾರೆ ಅನ್ನುತ್ತದೆ, ನೋಡಿದರೆ ಆಫೀಸಿನಲ್ಲಿ ಯಾರೂ ಇಲ್ಲ. ಕಂಪ್ಯೂಟರ್ ಮ್ಯಾನೇಜ್‌ಮೆಂಟ್‌ನಲ್ಲಿ ಶೇರ್ಡ್ ಫೋಲ್ಡರ್ಸ್, ಅದರ ಕೆಳಗೆ ಓಪನ್ ಫೈಲ್ಸ್ ನೋಡಲು ಹೇಳಿದೆ. ಒಬ್ಬೊಬ್ಬರಿಗೂ ಅವರದ್ದೇ ಯೂಸರ್ ಇದ್ದದ್ದರಿಂದ ಅಲ್ಲಿ ಹೆಸರು ಕಾಣಿಸಿತು, ಅಕೌಂಟ್ಸ್ ಅಕ್ಕನದು. ರೈಟ್ ಕ್ಲಿಕ್ ಮಾಡಿ ಕ್ಲೋಸ್ ಓಪನ್ ಫೈಲ್ ಅಂದರೆ ಬಿಡುಗಡೆ, ಆದರೆ ಸೇವ್ ಆಗದ್ದೆಲ್ಲ ಹೋಗುತ್ತದೆ. ಮೊದಲು ಅವರಿಗೆ ಫೋನ್ ಮಾಡಿ ಅಂದೆ. ಅಕ್ಕ ಕುರ್ಲಾ ದಾಟಿ ಲೇಡೀಸ್ ಡಬ್ಬದಲ್ಲಿ ನೇತಾಡುತ್ತಿದ್ದರಂತೆ. "ಸೇವ್ ಮಾಡಿದ್ದೇನೆ ಸರ್, ಮುಚ್ಚಿ" ಅಂದರಂತೆ.